ಎತ್ತನ್ನು ತಳ್ಳುವ ನೆಲ

ಎತ್ತು ಕಲ್ಲನ್ನು ಎಳೆಯುತ್ತದೆ, ಸರಿ. ಆ ಎತ್ತನ್ನು ಮುಂದಕ್ಕೆ ತಳ್ಳುವುದು ಯಾವುದು?

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಈ ಪ್ರಶ್ನೆ ಬಯಲಿನಲ್ಲಿ ನಿಂತು ಕೇಳಿಕೊಳ್ಳುವಂಥದ್ದು. ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ಈ ಭಾಗದ ಹಬ್ಬ, ಜಾತ್ರೆಗಳ ಜೊತೆಯಲ್ಲೇ ಬೆಳೆದು ಬಂದಿದೆ. ಅತ್ತ ರಾಯಚೂರಿನಲ್ಲಿ ಕಾರ ಹುಣ್ಣಿಮೆಗೆ ದೊಡ್ಡದಾಗಿ ನಡೆಯುತ್ತದೆ. ಗಡಿ ದಾಟಿದರೆ ಕರ್ನೂಲು, ಅನಂತಪುರದ ಊರುಗಳಲ್ಲೂ ಇದೇ ಆಟ, ಇದೇ ಹುಚ್ಚು. ಒಂದೂವರೆ ಟನ್ನು, ಎರಡು ಟನ್ನು, ಅದಕ್ಕೂ ಹೆಚ್ಚು ತೂಗುವ ಉದ್ದನೆಯ ಕಲ್ಲು. ಎರಡು ಹಲ್ಲಿನವು, ನಾಲ್ಕು ಹಲ್ಲಿನವು, ಆರು ಹಲ್ಲಿನವು ಎಂದು ಬಾಯಿ ತೆರೆಸಿ ನೋಡಿ ಎತ್ತುಗಳನ್ನು ವಿಂಗಡಿಸುತ್ತಾರೆ. ಗೊತ್ತುಮಾಡಿದ ನಿಮಿಷಗಳೊಳಗೆ ಕಲ್ಲು ಎಷ್ಟು ಅಡಿ ಸಾಗಿತು ಎಂಬುದೊಂದೇ ತೀರ್ಪು. ನೇರ ಗೆರೆ, ಒಂದು ಭಾರ, ಒಂದು ಹಗ್ಗ, ಒಂದು ಜೋಡಿ. ಚಲನೆಯನ್ನು ಅರಿಯಲು ಇದಕ್ಕಿಂತ ಬಿಚ್ಚು ಮನಸ್ಸಿನ ಪ್ರಯೋಗಶಾಲೆ ನನಗೆ ಗೊತ್ತಿಲ್ಲ.

ಎತ್ತನ್ನು ತಳ್ಳುವುದು ಯಾವುದು ಎಂದು ಕೇಳಿದರೆ ಜನ ಅದರ ತೊಡೆ ತೋರಿಸುತ್ತಾರೆ, ಹಿಣಿಲು ತೋರಿಸುತ್ತಾರೆ, ತಿನ್ನಿಸಿದ ಹುರುಳಿಯ ಲೆಕ್ಕ ಹೇಳುತ್ತಾರೆ. ಅದೆಲ್ಲ ಬೇಕೇ ಬೇಕು. ಆದರೂ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದ ಉತ್ತರ ಬೇರೆ. ತನ್ನ ಮೈಯೊಳಗಿನ ಬಲದಿಂದ ಯಾವ ಪ್ರಾಣಿಯೂ ತನ್ನನ್ನು ತಾನೇ ಮುಂದಕ್ಕೆ ಒಯ್ಯಲಾರದು. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲ ಅಷ್ಟೇ ಬಲದಿಂದ ಗೊರಸನ್ನು ಮುಂದಕ್ಕೆ ಒತ್ತುತ್ತದೆ. ಎತ್ತು ಹೆಜ್ಜೆ ಇಡುವುದು ಈ ಎರಡನೆಯ ಬಲದಿಂದ. ನ್ಯೂಟನ್ 1687ರಲ್ಲಿ ಬರೆದಿಟ್ಟ ಮೂರನೆಯ ನಿಯಮವನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಅದರ ಪೂರ್ತಿ ಅರ್ಥ ಇಳಿಯುವುದು ಮಾತ್ರ ಎತ್ತಿನ ಗೊರಸು ಜಾರಿದಾಗ. ಸೀಮೆಯಲ್ಲೇ ಹೆಸರಾದ ಜೋಡಿ, ಮೈತುಂಬ ಕಸುವು, ಆದರೆ ಕಾಲಡಿಯ ನೆಲ ಕೈಕೊಟ್ಟರೆ ಆ ಕಸುವೆಲ್ಲ ಇದ್ದಲ್ಲೇ ಉಳಿಯುತ್ತದೆ.

ಇದು ಒಪ್ಪಿಕೊಳ್ಳಲು ಕಷ್ಟವಾದ ಸತ್ಯ. ನಡೆಸುವ ಬಲ ನಮ್ಮೊಳಗಿಂದ ಬರುತ್ತದೆ ಎಂದು ನಂಬಿಕೊಂಡು ಬದುಕುವವರು ನಾವು. ನೆಲವನ್ನು ಒತ್ತುವಷ್ಟು ಮಾತ್ರ ನಮ್ಮ ಕೈಲಿದೆ. ಮುಂದಕ್ಕೆ ತಳ್ಳುವುದು ಅದಕ್ಕೆ ಬಿಟ್ಟದ್ದು.

ಕಲ್ಲು ಕದಲುವ ಕ್ಷಣವನ್ನು ಹತ್ತಿರದಿಂದ ನೋಡಬೇಕು. ಎತ್ತುಗಳ ಕತ್ತು ತಗ್ಗುತ್ತದೆ, ಹಿಂಗಾಲು ಮಡಚಿಕೊಳ್ಳುತ್ತವೆ, ಗೊರಸಿನ ಎರಡು ಸೀಳು ಅಗಲವಾಗಿ ಮಣ್ಣಿಗೆ ಇಳಿಯುತ್ತವೆ. ಹಗ್ಗ ಬಿಗಿದು, ಅದರ ಎಳೆಗಳ ನಡುವಿನ ಧೂಳು ಉದುರುತ್ತದೆ. ಕಲ್ಲು ಇನ್ನೂ ನಿಂತೇ ಇದೆ. ಎತ್ತುಗಳು ಬಲ ಹೆಚ್ಚಿಸುತ್ತವೆ, ನೆಲವೂ ಕಲ್ಲನ್ನು ಹಿಡಿದುಕೊಳ್ಳುವ ಬಲವನ್ನು ಸರಿಸಮನಾಗಿ ಹೆಚ್ಚಿಸುತ್ತದೆ. ನೂರು ಕಿಲೋಗೆ ನೂರು, ಐನೂರಕ್ಕೆ ಐನೂರು. ಹೀಗೆ ಎಷ್ಟು ಬೇಕೋ ಅಷ್ಟೇ ಎದುರು ಕೊಡುವ ಗುಣ ಘರ್ಷಣೆಯದು. ಒಂದು ಮಿತಿಯವರೆಗೆ ಹೀಗೆ. ಆ ಮಿತಿ ದಾಟಿದೊಡನೆ ಕಲ್ಲು ಒಮ್ಮೆ ಜಗ್ಗಿ ಹೊರಡುತ್ತದೆ, ಹೊರಟ ಮೇಲೆ ಹಿಡಿತ ಕಡಿಮೆಯಾಗುತ್ತದೆ. ನಿಂತದ್ದನ್ನು ಹೊರಡಿಸಲು ಬೇಕಾದ ಬಲಕ್ಕಿಂತ ಹೊರಟದ್ದನ್ನು ನಡೆಸಲು ಬೇಕಾದ ಬಲ ಕಡಿಮೆ. ಸುತ್ತ ನಿಂತವರು 'ನಿಲ್ಲಿಸಬ್ಯಾಡ್ರೋ, ನಿಲ್ಲಿಸಬ್ಯಾಡ್ರೋ' ಎಂದು ಕೂಗುವುದು ಬರೀ ಹುರುಪಿನ ಮಾತಲ್ಲ. ಬಯಲಿನ ಒಂದು ತುದಿ ಮುಟ್ಟಿ ಜೋಡಿಯನ್ನು ತಿರುಗಿಸುವಾಗ ಕಲ್ಲು ನಿಲ್ಲಲೇಬೇಕು. ಆಗ ಕಳೆದುಕೊಳ್ಳುವುದು ಬರೀ ಸಮಯವಲ್ಲ, ಮತ್ತೆ ಆ ಮೊದಲ ಮಿತಿಯನ್ನು ದಾಟಬೇಕು.

ಫ್ರಾನ್ಸಿನ ಎಂಜಿನಿಯರ್ ಕೂಲಂಬ್, ರೋಶ್‌ಫೋರ್ ಹಡಗುಕಟ್ಟೆಯಲ್ಲಿ ಮರ, ಲೋಹಗಳನ್ನು ಒಂದರ ಮೇಲೊಂದು ಎಳೆಸಿ ಘರ್ಷಣೆಯನ್ನು ಅಳೆದವನು. 1781ರಲ್ಲಿ ಅದಕ್ಕೆ ಅಲ್ಲಿನ ವಿಜ್ಞಾನ ಅಕಾಡೆಮಿಯ ಬಹುಮಾನವೂ ಬಂತು. ಅವನು ಕಂಡದ್ದರಲ್ಲಿ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಎರಡು ಮೈಗಳು ಒಂದಕ್ಕೊಂದು ತಾಗಿ ಹೆಚ್ಚು ಹೊತ್ತು ನಿಂತಷ್ಟೂ ಅವನ್ನು ಬಿಡಿಸಲು ಹೆಚ್ಚು ಬಲ ಬೇಕು. ನಿಲುವು ಸುಮ್ಮನಿರುವ ಸ್ಥಿತಿಯಲ್ಲ, ಅದು ಹೊತ್ತು ಕಳೆದಂತೆ ಬಲಿಯುತ್ತದೆ. ಕಣ್ಣಿಗೆ ಕಾಣದ ಉಬ್ಬುತಗ್ಗುಗಳು ಒಂದರೊಳಗೊಂದು ಒತ್ತಿಕೊಳ್ಳುತ್ತವೆ, ತಾಗುವ ಜಾಗ ಹೆಚ್ಚುತ್ತಾ ಹೋಗುತ್ತದೆ. ಕೈಬಿಟ್ಟ ಓದನ್ನು, ಮಾತುಬಿಟ್ಟ ಅಣ್ಣತಮ್ಮಂದಿರ ನಡುವಿನ ಸಂಬಂಧವನ್ನು ಮತ್ತೆ ಶುರುಮಾಡಲು ಹೊರಟವರಿಗೆ ಇದು ಗೊತ್ತು. ಹತ್ತು ದಿನದ ಮೌನಕ್ಕೂ ಹತ್ತು ವರ್ಷದ ಮೌನಕ್ಕೂ ಒಂದೇ ಮಾತು ಸಾಲುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಕಲ್ಲಿನ ತೂಕ 2,000 ಕಿಲೋ. ಕಲ್ಲಿಗೂ ಮಣ್ಣಿಗೂ ನಡುವಿನ ಘರ್ಷಣೆಯ ಗುಣಾಂಕ ಅರ್ಧ ಎಂದು ಹಿಡಿಯೋಣ. ನೆಲಕ್ಕೆ ಸಮನಾಗಿ ಎಳೆದರೆ ಬೇಕಾದ ಬಲ 1,000 ಕಿಲೋ ತೂಕದಷ್ಟು, ಅಂದರೆ ಸುಮಾರು 10,000 ನ್ಯೂಟನ್. ಹೊಲದಲ್ಲಿ ದಿನವಿಡೀ ದುಡಿಯುವ ಎತ್ತು ಬಿಡದೆ ಎಳೆಯಬಲ್ಲದ್ದು ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು. ಒಂದೊಂದು 800 ಕಿಲೋ ತೂಗುವ ಜೋಡಿಯಾದರೆ 160 ಕಿಲೋ. ಸ್ಪರ್ಧೆಯ ಕಲ್ಲು ಅದರ ಆರು ಪಟ್ಟು ಕೇಳುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಸಾಗಿದರೂ ಅದು 5 ಕಿಲೋವಾಟ್, ಸುಮಾರು ಆರೂವರೆ ಅಶ್ವಶಕ್ತಿ. ಎತ್ತುಗಳು ಒಂದೇ ಓಟದಲ್ಲಿ ಎಳೆಯದೆ ಜಗ್ಗಿ ನಿಂತು, ಉಸಿರು ಹಿಡಿದು, ಮತ್ತೆ ಜಗ್ಗುವುದು ಇದಕ್ಕೇ.

ಹಗ್ಗದ ಸಂಗತಿ ಇನ್ನೂ ಸೊಗಸು. ನೊಗ ಮೇಲಿದೆ, ಕಲ್ಲು ನೆಲದಲ್ಲಿದೆ, ಆದ್ದರಿಂದ ಹಗ್ಗ ಓರೆ. ಅದು ಕಲ್ಲನ್ನು ಮುಂದಕ್ಕಷ್ಟೇ ಅಲ್ಲದೆ ತುಸು ಮೇಲಕ್ಕೂ ಎಳೆಯುತ್ತದೆ. ಓರೆ ಹತ್ತು ಡಿಗ್ರಿ ಇದ್ದರೆ ನಮ್ಮ ಲೆಕ್ಕದ ಕಲ್ಲಿಗೆ 1,000 ಕಿಲೋ ಬದಲು ಸುಮಾರು 930 ಕಿಲೋ ಎಳೆತ ಸಾಕು. ಕಲ್ಲಿನಿಂದ ಇಳಿದ 160 ಕಿಲೋ ಭಾರ ಎಲ್ಲಿಗೆ ಹೋಯಿತು? ಎತ್ತುಗಳ ಹೆಗಲಿಗೆ. ಹೆಗಲ ಮೇಲೆ ಭಾರ ಬಿದ್ದದ್ದು ಕೇಡೆಂದು ಅನ್ನಿಸಬಹುದು. ಆದರೆ ಆ ಭಾರವೇ ಗೊರಸನ್ನು ನೆಲಕ್ಕೆ ಒತ್ತಿ ಹಿಡಿತ ಹೆಚ್ಚಿಸುತ್ತದೆ. ಕಲ್ಲು ತನ್ನ ತೂಕದ ಒಂದು ಪಾಲನ್ನು ಎಳೆಯುವವರಿಗೇ ಕೊಟ್ಟು, ತನ್ನನ್ನು ಎಳೆಯಲು ಬೇಕಾದ ಕಾಲೂರಿಕೆಯನ್ನು ತಾನೇ ಒದಗಿಸುತ್ತದೆ. ಭಾರವಿಲ್ಲದವನ ಕಾಲು ಜಾರುತ್ತದೆ. ಮನೆಯ ಹೊರೆ ಹೊತ್ತವರು ಹಗುರಾಗಿ ಓಡಾಡುವವರಿಗಿಂತ ಗಟ್ಟಿಯಾಗಿ ನಿಲ್ಲುವುದನ್ನು ನೋಡಿದಾಗೆಲ್ಲ ಈ ಓರೆ ಹಗ್ಗ ನನ್ನ ನೆನಪಿಗೆ ಬರುತ್ತದೆ.

ನೊಗದಲ್ಲೂ ಅಂಥದೇ ಒಂದು ನ್ಯಾಯವಿದೆ. ಎರಡರಲ್ಲಿ ಒಂದು ಎತ್ತು ಎಳೆ ವಯಸ್ಸಿನದಾದರೆ, ಹಗ್ಗ ಕಟ್ಟುವ ಜಾಗವನ್ನು ಬಲವಾದ ಎತ್ತಿನ ಕಡೆಗೆ ತುಸು ಸರಿಸುತ್ತಾರೆ. ಎಳೆಯ ಎತ್ತಿಗೆ ನೊಗದ ಹೆಚ್ಚು ಉದ್ದದ ಪಾಲು ಸಿಕ್ಕಿ, ಎಳೆತದ ಪಾಲು ಕಡಿಮೆಯಾಗುತ್ತದೆ. ನೊಗ ನೇರವಾಗಿಯೇ ಸಾಗುತ್ತದೆ. ಸಮಪಾಲು ಹಂಚಿದ್ದರೆ ಅದು ಓರೆಯಾಗಿ ಎರಡೂ ನಿಲ್ಲುತ್ತಿದ್ದವು.

ಘರ್ಷಣೆಯನ್ನು ನಾವು ಶತ್ರುವೆಂದೇ ಎಣಿಸುವುದು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಯಂತ್ರಕ್ಕೆ ಬೇರಿಂಗ್ ಕೂರಿಸುವುದು ಅದನ್ನು ಕಳೆಯಲಿಕ್ಕೆ. ಕಲ್ಲೆಳೆತದ ಬಯಲಲ್ಲಿ ನಿಂತಾಗ ಆ ಎಣಿಕೆ ಅಲುಗುತ್ತದೆ. ಕಲ್ಲಿನ ಕೆಳಗೆ ಎಳೆತವನ್ನು ತಡೆಯುವುದೂ ಗೊರಸಿನ ಕೆಳಗೆ ಎತ್ತನ್ನು ಮುಂದಕ್ಕೆ ತಳ್ಳುವುದೂ ಒಂದೇ ಮಣ್ಣು, ಒಂದೇ ಗುಣ. ತಡೆಯೆಲ್ಲ ತೊಲಗಲಿ ಎಂಬ ಹರಕೆ ಫಲಿಸಿಬಿಟ್ಟರೆ ಕಲ್ಲು ಹಗುರವಾಗುತ್ತದೆ ನಿಜ, ಆದರೆ ಎಳೆಯಲು ಯಾರಿಗೂ ಕಾಲು ನಿಲ್ಲುವುದಿಲ್ಲ. ಸಿರುಗುಪ್ಪದ ಎರೆ ಭೂಮಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಿನಂತಾಗುವ ಅದೇ ಎರೆ, ಒಂದು ಮಳೆ ಬಿದ್ದರೆ ಚಪ್ಪಲಿಯನ್ನೂ ಬಿಡದೆ ಎಳೆದುಕೊಳ್ಳುತ್ತದೆ. ತುಂಗಭದ್ರೆಯ ಕಾಲುವೆ ನೀರು ಬಂದು ಈ ತಾಲ್ಲೂಕು ಭತ್ತದ ಸೀಮೆಯಾದ ಮೇಲೆ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಐವತ್ತು ಅಶ್ವಶಕ್ತಿಯ ಆ ಟ್ರ್ಯಾಕ್ಟರಿಗೂ ಕೆಸರುಗದ್ದೆಯಲ್ಲಿ ರಬ್ಬರ್ ಗಾಲಿ ಸಾಲದೆ ಕಬ್ಬಿಣದ ಕೇಜ್‌ವೀಲ್ ಕಟ್ಟಬೇಕಾಗುತ್ತದೆ. ಎಂಜಿನ್ ಎಷ್ಟೇ ಗರ್ಜಿಸಲಿ, ಅದನ್ನೂ ಕೊನೆಗೆ ಮುಂದಕ್ಕೆ ತಳ್ಳುವುದು ನೆಲವೇ.

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಯಿದೆ. ಒಂದೇ ಕಲ್ಲಿನಲ್ಲಿ ಕಡೆದ ಭಾರೀ ಬಸವ, ಕಾಲು ಮಡಚಿ ಕುಳಿತಿದ್ದಾನೆ. ಎತ್ತು ಕಟ್ಟುವ ರೈತರು ಕೈಮುಗಿಯುವ ದೇವರು. ಆ ಬಸವನ ಮುಂದೆ ನಿಂತಾಗ ನ್ಯೂಟನ್ನನ ಮೊದಲ ನಿಯಮ ನನಗೆ ಬೇರೆ ರೀತಿ ಕಂಡಿತು. ಕುಳಿತ ಬಸವನ ಮೇಲಿನ ಬಲಗಳನ್ನೆಲ್ಲ ಕೂಡಿದರೆ ಶೂನ್ಯ. ಭೂಮಿ ಕೆಳಕ್ಕೆ ಸೆಳೆಯುತ್ತದೆ, ಪೀಠ ಮೇಲಕ್ಕೆ ಒತ್ತುತ್ತದೆ, ಎರಡೂ ಸರಿಸಮ. ಇತ್ತ ಬಯಲಿನಲ್ಲಿ ಒಂದೇ ಹದದ ವೇಗದಲ್ಲಿ ಕಲ್ಲೆಳೆಯುತ್ತಿರುವ ಜೋಡಿಯ ಲೆಕ್ಕ ಹಾಕಿ. ನೆಲ ಮುಂದಕ್ಕೆ ತಳ್ಳುವಷ್ಟನ್ನೇ ಹಗ್ಗ ಹಿಂದಕ್ಕೆ ಎಳೆಯುತ್ತಿದೆ. ಅಲ್ಲೂ ಮೊತ್ತ ಶೂನ್ಯವೇ. ಕುಳಿತ ಬಸವನಿಗೂ ನಡೆವ ಬಸವನಿಗೂ ಭೌತಶಾಸ್ತ್ರ ಒಂದೇ ಸಮೀಕರಣ ಬರೆಯುತ್ತದೆ. ನಿಶ್ಚಲತೆ ಮತ್ತು ಸಮವೇಗದ ಚಲನೆ ಎರಡು ಬೇರೆ ಜಾತಿಗಳಲ್ಲ ಎಂಬುದು ಗೆಲಿಲಿಯೋನಿಂದ ಈಚೆಗೆ ಮನುಷ್ಯ ಕಂಡ ದೊಡ್ಡ ತಿಳಿವುಗಳಲ್ಲಿ ಒಂದು. ಬದಲಾವಣೆಗೆ ಮಾತ್ರ ಹೆಚ್ಚಿನ ಬಲ ಬೇಕು. ನಿಂತದ್ದು ಹೊರಡಲು, ಹೊರಟದ್ದು ನಿಲ್ಲಲು, ದಾರಿ ತಿರುಗಲು.

ಸಮೀಕರಣ ಒಂದೇ ಆದರೂ ಕಲ್ಲಿನ ಬಸವ ಬೆವರುವುದಿಲ್ಲ. ನನ್ನ ಚಿಂತೆಯೆಲ್ಲ ಈ ಅಂತರದ ಮೇಲೆಯೇ ನಿಂತಿದೆ.

ಒಂದು ಜೋಡಿಗೆ ಕಲ್ಲು ಕದಲಲೇ ಇಲ್ಲ ಎಂದುಕೊಳ್ಳಿ. ಅಂಥದ್ದು ಆಗುತ್ತದೆ. ಕಲ್ಲು ಕೇಳಿದ್ದು 930 ಕಿಲೋ, ಎತ್ತುಗಳು ಕೊಟ್ಟದ್ದು 900. ಬಲವನ್ನು ದೂರದಿಂದ ಗುಣಿಸಿ ಬಂದದ್ದನ್ನೇ ಭೌತಶಾಸ್ತ್ರ ಮಾಡಿದ ಕೆಲಸ ಎಂದು ಎಣಿಸುತ್ತದೆ. ದೂರ ಶೂನ್ಯವಾದ್ದರಿಂದ ಕೆಲಸವೂ ಶೂನ್ಯ. ಟೇಪು ಹಿಡಿದವರ ಲೆಕ್ಕವೂ ಅದೇ, ಸೊನ್ನೆ ಅಡಿ. ಆದರೆ ಎತ್ತುಗಳ ಮೂಗಿನ ಹೊಳ್ಳೆ ಅರಳಿವೆ, ಪಕ್ಕೆ ಬಡಿಯುತ್ತಿವೆ, ತೊಡೆ ನಡುಗುತ್ತಿದೆ. ಅವು ಏನನ್ನೋ ಕೊಟ್ಟಿವೆ. ಸ್ನಾಯುವಿನಲ್ಲಿ ಹುಟ್ಟುವ ಶಾಖವನ್ನು ಅಳೆದ ಎ.ವಿ. ಹಿಲ್‌ಗೆ 1922ರ ನೊಬೆಲ್ ಬಂತು. ಸ್ನಾಯುವಿನ ಒಳಗೆ ಒಂದು ಎಳೆ ಇನ್ನೊಂದನ್ನು ಹಿಡಿದು, ಜಗ್ಗಿ, ಬಿಟ್ಟು, ಮತ್ತೆ ಹಿಡಿಯುತ್ತಿರುತ್ತದೆ ಎಂದು ಅವನ ನಂತರದವರು ಕಂಡುಕೊಂಡರು. ಹೊರಗೆ ಕಲ್ಲು ಒಂದು ಬೆರಳು ಸರಿಯದಿದ್ದಾಗಲೂ ಒಳಗೆ ಆ ಹಿಡಿದು ಬಿಡುವುದು ಎಣಿಕೆಗೆ ಸಿಗದಷ್ಟು ಸಲ ನಡೆದಿರುತ್ತದೆ, ಪ್ರತಿ ಸಲವೂ ತಿಂದ ಹುರುಳಿಯ ಒಂದಂಶ ಉರಿದು ಮೈ ಬಿಸಿಯಾಗಿರುತ್ತದೆ. ಎತ್ತಿನ ದಣಿವು ಸುಳ್ಳಲ್ಲ. ಕಲ್ಲಿನ ಕಡೆಯಿಂದ ಅಳೆದಾಗ ಅದು ಕಾಣುವುದಿಲ್ಲ, ಅಷ್ಟೇ.

ಲೋಕ ನಮ್ಮನ್ನು ಅಳೆಯುವುದು ಬಹುಮಟ್ಟಿಗೆ ಕಲ್ಲಿನ ಕಡೆಯಿಂದಲೇ. ಸರಿದ ಅಡಿಗಳ ಲೆಕ್ಕ ಉಳಿಯುತ್ತದೆ. ಹಾಸಿಗೆ ಹಿಡಿದವರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವರು, ಓದು ಹತ್ತದ ಮಗುವಿಗೆ ಅಕ್ಷರ ತಿದ್ದಿಸುತ್ತಲೇ ಇರುವವರು, ಮಳೆ ಬಾರದ ವರ್ಷ ಹೊಲ ಹಸನು ಮಾಡಿದವರು ಕೊಟ್ಟ ಬಲಕ್ಕೆ ಅಡಿಗಳಲ್ಲಿ ಉತ್ತರವಿಲ್ಲ. ಸೊನ್ನೆ ಎಂದು ಬರೆದ ಜಾಗದಲ್ಲಿ 900 ಕಿಲೋ ಇತ್ತು ಎಂದು ತಿಳಿದವರು ಯಾರಾದರೂ ಹತ್ತಿರ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಎತ್ತಿಗೂ ಈ ಸೀಮೆಗೂ ನಂಟು ಹಳೆಯದು. ಬಳ್ಳಾರಿಯಿಂದ ಕೆಲವೇ ಕಿಲೋಮೀಟರ್ ದೂರದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಂಡೆಯ ಮೇಲೆ ಕಲ್ಲಿನಿಂದ ಕುಟ್ಟಿ ಎತ್ತುಗಳ ಚಿತ್ರ ಮಾಡಿದ್ದಾರೆ. ಎದ್ದ ಹಿಣಿಲು, ಉದ್ದ ಕೋಡು. ಇವತ್ತಿನ ರೈತ ನೋಡಿದರೂ ತಕ್ಷಣ ಗುರುತಿಸಬಲ್ಲ. ಕುಡತಿನಿಯ ಬೂದಿ ದಿಬ್ಬವೂ ಆ ಕಾಲದ ದನದ ಸಗಣಿ ಉರಿದು ಆದದ್ದು. ಸಂಗನಕಲ್ಲು ಕಲ್ಲುಕೊಡಲಿ ತಯಾರಿಸುವ ದೊಡ್ಡ ಜಾಗವಾಗಿತ್ತು. ಕಪ್ಪು ಡಾಲರೈಟ್ ಕಲ್ಲನ್ನು ಒಡೆದು, ಬಂಡೆಗೆ ಉಜ್ಜಿ ಉಜ್ಜಿ ಬಾಯಿ ಮಾಡುತ್ತಿದ್ದರು. ಹಾಗೆ ಉಜ್ಜಿದ ನುಣುಪಾದ ತೋಡುಗಳು ಬಂಡೆಯ ಮೈಯಲ್ಲಿ ಈಗಲೂ ಬೆರಳಿಗೆ ಸಿಗುತ್ತವೆ. ಘರ್ಷಣೆಯನ್ನು ತಡೆ ಎನ್ನದೆ ಉಪಕರಣವಾಗಿ ಬಳಸಿದವರು ಅವರು. ಕೊಡಲಿಗಳು ಎಲ್ಲೆಲ್ಲಿಗೋ ಹೋದವು. ಹೆಸರಿಲ್ಲದ ತೋಳುಗಳು ಹಿಂದಕ್ಕೂ ಮುಂದಕ್ಕೂ ಸರಿದ ದಾರಿ ಮಾತ್ರ ಬಂಡೆಯಲ್ಲಿ ಉಳಿದಿದೆ.

ತಡೆಯನ್ನು ಉಪಕರಣವಾಗಿಸುವುದು ಇಲ್ಲಿ ಇಂದಿಗೂ ನಡೆದಿದೆ. ಅದೇ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ತರಬೇತಿ ಕೇಂದ್ರವಿದೆ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾದ ಈಟಿ ಎಸೆತಗಾರ ನೀರಜ್ ಚೋಪ್ರಾ ಚೇತರಿಸಿಕೊಂಡದ್ದು ಅಲ್ಲಿ. 2021ರ ಆಗಸ್ಟ್ 7ರಂದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು 800 ಗ್ರಾಂ ಈಟಿಯನ್ನು 87.58 ಮೀಟರ್ ಎಸೆದರು. ಆ ಎಸೆತದ ಕೊನೆಯ ಹೆಜ್ಜೆಯನ್ನು ನಿಧಾನಗತಿಯಲ್ಲಿ ನೋಡಬೇಕು. ಓಡಿಬಂದ ಮೈಯನ್ನು ಎಡಗಾಲು ನೇರವಾಗಿ ಊರಿ ತಟ್ಟನೆ ತಡೆಯುತ್ತದೆ. ದೇಹದ ತೂಕದ ಹಲವು ಪಟ್ಟು ಬಲವನ್ನು ನೆಲ ಆ ಕಾಲಿಗೆ ಎದುರು ಕೊಡುತ್ತದೆ. ಮೈ ನಿಲ್ಲುತ್ತದೆ, ಅದರ ಸಂವೇಗ ಸೊಂಟಕ್ಕೆ, ಭುಜಕ್ಕೆ, ತೋಳಿಗೆ ದಾಟಿ ಈಟಿಗೆ ಸೇರುತ್ತದೆ. ಓಟವನ್ನು ತಡೆಯುವ ಬಲವೇ ಎಸೆತವಾಗುತ್ತದೆ. ಓಟಗಾರರು ಸೊಂಟಕ್ಕೆ ಪಟ್ಟಿ ಕಟ್ಟಿ ಭಾರ ಹೇರಿದ ಸ್ಲೆಡ್ ಎಳೆಯುವ ತರಬೇತಿಯಂತೂ ನಮ್ಮ ಕಲ್ಲೆಳೆತವೇ. ಮೊದಲ ಹತ್ತು ಹೆಜ್ಜೆಗಳಲ್ಲಿ ಮೈ ಮುಂದಕ್ಕೆ ಬಾಗಿಸಿ ನೆಲವನ್ನು ಹಿಂದಕ್ಕೆ ಒತ್ತುವುದನ್ನು ಕಲಿಸಲಿಕ್ಕೆ ಅದು. ಎತ್ತು ಕತ್ತು ತಗ್ಗಿಸುವುದೂ ಇದಕ್ಕೇ, ಆದರೆ ಎತ್ತಿಗೆ ಯಾರೂ ಹೇಳಿಕೊಟ್ಟಿಲ್ಲ.

ಓಟಗಾರ ಒಪ್ಪಿ ಪಟ್ಟಿ ಕಟ್ಟಿಕೊಳ್ಳುತ್ತಾನೆ. ಎತ್ತನ್ನು ಯಾರೂ ಕೇಳಿಲ್ಲ. ಇದನ್ನು ಬಿಟ್ಟು ಈ ಆಟದ ಬಗ್ಗೆ ಬರೆಯುವುದು ಸರಿಯಲ್ಲ. ಪ್ರಾಣಿಗಳನ್ನು ಬಳಸುವ ಸ್ಪರ್ಧೆಗಳ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ 2014ರಲ್ಲಿ ನಿಷೇಧದ ಕಡೆಗೆ ತೀರ್ಮಾನವಾಯಿತು. ಕರ್ನಾಟಕ ಕಂಬಳ, ಎತ್ತಿನ ಓಟಗಳಿಗಾಗಿ 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಾನೂನಿನ ಮಾತು ಅಲ್ಲಿಗೆ ನಿಂತರೂ ಬಾರುಕೋಲಿನ ಮಾತು ನಿಲ್ಲುವುದಿಲ್ಲ. ಮಕ್ಕಳಿಗಿಂತ ಹೆಚ್ಚಾಗಿ ಎತ್ತು ಸಾಕಿದವರನ್ನು ಈ ಸೀಮೆ ಕಂಡಿದೆ, ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೂ ಏಟು ನೆಲದ ಹಿಡಿತವನ್ನು ಒಂದು ಕಿಲೋದಷ್ಟೂ ಹೆಚ್ಚಿಸಲಾರದು. ಬೆದರಿದ ಎತ್ತು ಮೈಯನ್ನು ಮೇಲಕ್ಕೆತ್ತುತ್ತದೆ, ಜೊತೆಯದರ ಲಯ ತಪ್ಪುತ್ತದೆ, ಗೊರಸು ಹೆಚ್ಚು ಜಾರುತ್ತದೆ.

ನನ್ನದೊಂದು ಸಲಹೆಯಿದೆ. ಅದಿರು ಲಾರಿಗಳು ಓಡಾಡುವ ಈ ಜಿಲ್ಲೆಯಲ್ಲಿ ವೇಬ್ರಿಡ್ಜ್ ಯಾರಿಗೂ ಹೊಸದಲ್ಲ. ಅದರ ಒಳಗಿರುವುದು ಲೋಡ್ ಸೆಲ್, ಭಾರಕ್ಕೆ ತುಸುವೇ ತುಸು ಬಾಗುವ ಉಕ್ಕಿನ ತುಂಡು. ಆ ಬಾಗುವಿಕೆ ವಿದ್ಯುತ್ತಿನಲ್ಲಿ ಮೂಡಿಸುವ ಬದಲಾವಣೆ ಅಂಕಿಯಾಗಿ ಪರದೆಗೆ ಬರುತ್ತದೆ. ಎಳೆತಕ್ಕೆ ಒಗ್ಗುವಂಥದ್ದೊಂದನ್ನು ಹಗ್ಗಕ್ಕೂ ಕಲ್ಲಿಗೂ ನಡುವೆ ಕಟ್ಟಬಹುದು. ಬಳ್ಳಾರಿಯ ಯಾವ ಎಂಜಿನಿಯರಿಂಗ್ ಕಾಲೇಜಿನ ಹುಡುಗರಾದರೂ ಮಾಡಬಲ್ಲ ಕೆಲಸ. ಆಗ ಮೈಕಿನಲ್ಲಿ ಅಡಿಗಳ ಜೊತೆ ಎಳೆತವನ್ನೂ ಕೂಗಬಹುದು: ಕಲ್ಲು ಕದಲದ ಜೋಡಿ 900 ಕಿಲೋ ಕೊಟ್ಟಿತೆಂದು, ಯಾವ ಕ್ಷಣದಲ್ಲಿ ಎರಡೂ ಎತ್ತು ಕೂಡಿ ಜಗ್ಗಿದವೆಂದು, ಬಾರುಕೋಲು ಬಿದ್ದ ಮರುಗಳಿಗೆ ಅಂಕಿ ಏರಿತೋ ಇಳಿಯಿತೋ ಎಂದು. ಇಳಿದದ್ದನ್ನು ತನ್ನ ಕಣ್ಣಾರೆ ನೋಡಿದ ಮಾಲೀಕ ಮುಂದಿನ ಹಬ್ಬಕ್ಕೆ ಕೋಲು ತರುತ್ತಾನೋ ಇಲ್ಲವೋ, ಅದನ್ನು ನೋಡಲು ನಾನು ಹೋಗುತ್ತೇನೆ.